ದುಡಿಮೆಯ ಸಾಧನ ಸಿರಿತನವೇ?

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣ)



ಕೆಲವು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿವೇತನ ಸಮಿತಿಯಲ್ಲಿ ನಾನೂ ಇದ್ದೆ. ಅರ್ಜಿಯಲ್ಲಿ 'ಸ್ವಂತ ವಾಹನ ಇದೆಯೇ?' ಎಂಬ ಪ್ರಶ್ನೆಯಿತ್ತು. ಒಬ್ಬ ಹುಡುಗ ಸುಳ್ಳು ಹೇಳದೆ 'ಇದೆ' ಎಂದು ಬರೆದ. ನಾವು ಅರ್ಜಿಯನ್ನು ಬದಿಗಿಟ್ಟೆವು. ಆಮೇಲೆ ಅವನ ತಂದೆ ಸಿಕ್ಕಿದರು. ರಿಕ್ಷಾ ಓಡಿಸುವವರು. "ಮಾಸ್ಟ್ರೇ, ಕಂತು ಮುಗಿಯುವ ತನಕ ಅದು ಫೈನಾನ್ಸಿನವರದ್ದು, ನಾನು ಬರೀ ಡ್ರೈವರ್" ಎಂದರು. ನನಗೆ ಉತ್ತರ ತೋಚಲಿಲ್ಲ. ಅಷ್ಟರಲ್ಲಿ ಆ ವರ್ಷದ ಹಣ ಹಂಚಿ ಮುಗಿದಿತ್ತು.

ಈ ತಪ್ಪು ನಮ್ಮದು ಮಾತ್ರವಲ್ಲ. ಸರ್ಕಾರಿ ಯೋಜನೆಗಳಲ್ಲೂ ದುಡಿಮೆಯ ಸಾಧನವನ್ನು ಕೆಲವೆಡೆ ಆಸ್ತಿಯೆಂದೂ ಕೆಲವೆಡೆ ಹೊಟ್ಟೆಪಾಡೆಂದೂ ಎಣಿಸಲಾಗುತ್ತದೆ. ಯಾವುದು ಎಲ್ಲಿ ಎಂಬುದನ್ನು ತಾವು ತಿಳಿದಿರಬೇಕು.

ರೇಷನ್ ಕಾರ್ಡನ್ನೇ ತೆಗೆದುಕೊಳ್ಳಿ. ನಮ್ಮ ರಾಜ್ಯದಲ್ಲಿ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಿದರೆ ಬಿಪಿಎಲ್ ಕಾರ್ಡು ಇಲ್ಲ. ನಾಲ್ಕು ಚಕ್ರದ ವಾಹನವಿದ್ದರೂ ಇಲ್ಲ. ಆದರೆ ಜೀವನೋಪಾಯಕ್ಕೆ ಇಟ್ಟುಕೊಂಡ ಒಂದು ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಅಥವಾ ಟ್ರ್ಯಾಕ್ಟರಿಗೆ ವಿನಾಯಿತಿಯಿದೆ. ಎಷ್ಟೋ ಮಂದಿಗೆ ಇದು ಗೊತ್ತಿಲ್ಲ. 'ಗಾಡಿ ಇದೆ' ಎಂದು ಯಾರೋ ಹೇಳಿದರೆ ಸುಮ್ಮನೆ ತಲೆತಗ್ಗಿಸಿ ಬರುತ್ತಾರೆ.

ಮನೆಯ ವಿಷಯ ಬೇರೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಬೈಕ್, ರಿಕ್ಷಾ, ಕಾರು ಮಾತ್ರವಲ್ಲ, ಎಂಜಿನ್ ಇರುವ ಮೀನುಗಾರಿಕೆ ದೋಣಿ ಇದ್ದವರನ್ನೂ ಪಟ್ಟಿಯಿಂದ ಕೈಬಿಡುತ್ತಿದ್ದರು. ಯೋಚಿಸಿ ನೋಡಿ, ಹುಟ್ಟು ಹಾಕುವವನು ಬಡವ, ಸಾಲ ಮಾಡಿ ಎಂಜಿನ್ ಕೂರಿಸಿದವನು ಸಾಹುಕಾರ! 2024ರಲ್ಲಿ ನಿಯಮ ಸಡಿಲವಾಯಿತು. ಬೈಕ್, ದೋಣಿ, ಫ್ರಿಜ್, ಲ್ಯಾಂಡ್‌ಲೈನ್ ಫೋನ್ ಇವು ಅಡ್ಡಿಯ ಪಟ್ಟಿಯಿಂದ ಹೋದವು. ತಿಂಗಳ ಆದಾಯದ ಮಿತಿ 10,000ದಿಂದ 15,000 ರೂಪಾಯಿಗೆ ಏರಿತು. ಆದರೆ ಮೂರು ಚಕ್ರದ ಮೋಟಾರು ವಾಹನ ಇನ್ನೂ ಅಡ್ಡಿಯೇ. ಸರ್ಕಾರದಲ್ಲಿ ನೋಂದಾಯಿಸಿದ ಕೃಷಿಯೇತರ ಉದ್ಯಮವೂ ಅಡ್ಡಿಯೇ. ಹೀಗಾಗಿ ರಿಕ್ಷಾದವರಿಗೆ ಅಕ್ಕಿ ಸಿಗಬಹುದು, ಹಳ್ಳಿಯಲ್ಲಿ ಈ ಯೋಜನೆಯ ಮನೆ ಸಿಗದು.

ನನಗೆ ಹೆಚ್ಚು ಚಿಂತೆ ಆ ನೋಂದಣಿಯದ್ದು. ಟೈಲರಿಂಗ್ ಅಂಗಡಿ ಇಟ್ಟ ಹೆಣ್ಣುಮಗಳಿಗೆ ಬ್ಯಾಂಕಿನವರು ಸಾಲಕ್ಕೆ ನೋಂದಣಿ ಕೇಳುತ್ತಾರೆ, ರಿಟರ್ನ್ಸ್ ಕೇಳುತ್ತಾರೆ. ಅದನ್ನು ಮಾಡಿದರೆ ಇತ್ತ ಕಾರ್ಡಿಗೆ ಕುತ್ತು ಬರುತ್ತದೆಂಬ ಹೆದರಿಕೆ. 2024ರ ನವೆಂಬರಿನಲ್ಲಿ ರಾಜ್ಯದಲ್ಲಿ ಅನೇಕರ ಕಾರ್ಡುಗಳು ರದ್ದಾದಾಗ ಈ ಗೊಂದಲ ಬಯಲಿಗೆ ಬಂತು. ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರಿಗೆ ಕಾರ್ಡು ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು. ತೆರಿಗೆ ಕಟ್ಟುವುದು ಬೇರೆ, ತೆರಿಗೆಯಿಲ್ಲದೆ ಬರೀ ರಿಟರ್ನ್ಸ್ ಸಲ್ಲಿಸುವುದು ಬೇರೆ. ಈ ವ್ಯತ್ಯಾಸವನ್ನು ಕಚೇರಿಯಲ್ಲಿ ಬಾಯಿಬಿಟ್ಟು ಹೇಳಿ.

ಇನ್ನೊಂದು ಮಾತು. ಆದಾಯ ವಿಚಾರಿಸಲು ಬಂದವರು 'ದಿನಕ್ಕೆ ಎಷ್ಟು?' ಎಂದರೆ ನಮ್ಮವರು ಬಿಗುಮಾನದಿಂದ ಇಡೀ ದಿನದ ಬಾಡಿಗೆ ಹೇಳಿಬಿಡುತ್ತಾರೆ! ಗ್ಯಾಸ್, ಕಂತು, ವಿಮೆ, ರಿಪೇರಿ ಯಾರು ಹೇಳಬೇಕು? ಸಾಧನವನ್ನು ಮುಚ್ಚಿಡಬೇಡಿ. ಆರ್.ಸಿ., ಪರ್ಮಿಟ್, ಸಾಲದ ಪುಸ್ತಕ ತೋರಿಸಿ, ಅದು ದುಡಿಮೆಗೆ ಎಂದು ಅರ್ಜಿಯಲ್ಲೇ ಬರೆಯಿರಿ.

ಝಕಾತ್ ವಿಷಯದಲ್ಲಿ ನಮ್ಮ ಫಿಕ್‌ಹ್ ಪಂಡಿತರು ಇದನ್ನು ಎಂದೋ ಬಿಡಿಸಿಟ್ಟಿದ್ದಾರೆ. ಮಾರಾಟದ ಸರಕಿಗೆ ಝಕಾತ್ ಲೆಕ್ಕವಿದೆ, ಬಡಗಿಯ ಉಳಿ-ಗರಗಸಕ್ಕೆ ಇಲ್ಲ. ಉಪಕರಣವಿದೆ ಎಂಬ ಕಾರಣಕ್ಕೆ ಬಡವ ಝಕಾತ್ ಪಡೆಯಲು ಅನರ್ಹನಾಗುವುದಿಲ್ಲ. ಇದನ್ನು ಓದಿಕೊಂಡವರೇ ಆ ದಿನ ಸಮಿತಿಯಲ್ಲಿ ಕುಳಿತಿದ್ದೆವು ಎಂಬುದು ನಾಚಿಕೆಯ ಸಂಗತಿ.

ಈ ವರ್ಷದ ಅರ್ಜಿಯಲ್ಲಿ ಆ ಪ್ರಶ್ನೆಯನ್ನು ಬದಲಿಸಲು ಕಾರ್ಯದರ್ಶಿಯವರು ಒಪ್ಪಿದ್ದಾರೆ. 'ವಾಹನವಿದ್ದರೆ ಯಾವ ಉಪಯೋಗಕ್ಕೆ? ಖರ್ಚು, ಕಂತು ಕಳೆದು ಉಳಿಯುವುದೆಷ್ಟು?' ಎಂದಿರುತ್ತದೆ. ಕಾರ್ಡು ರದ್ದಾದವರು ಮನೆಯಲ್ಲಿದ್ದರೆ ವಿದ್ಯಾರ್ಥಿಗಳೇ, ಅವರ ಕಾಗದಪತ್ರ ಹಿಡಿದು ಭಾನುವಾರ ಅಸರ್ ನಮಾಝಿನ ಬಳಿಕ ಸಂಘದ ಕಚೇರಿಗೆ ಬನ್ನಿ, ಮನವಿಯನ್ನು ಕೂತು ಬರೆಯೋಣ.