ಭಾಷೆಯೂ ಒಂದು ಅಮಾನತ್ತು



ನಮ್ಮ ಭಾಷೆಗಳು ಮತ್ತು ಬಣ್ಣಗಳು ಬೇರೆ ಬೇರೆಯಾಗಿರುವುದು ಅಲ್ಲಾಹನ ದೃಷ್ಟಾಂತಗಳಲ್ಲೊಂದು ಎಂಬುದನ್ನು ಸೂರಃ ಅರ್ರೂಮ್‌ನ 22ನೇ ಸೂಕ್ತ ನಮಗೆ ಕಲಿಸುತ್ತದೆ. ಈ ದೃಷ್ಟಾಂತವನ್ನು ಗೌರವದಿಂದ ಕಂಡ ಒಬ್ಬ ವಿದ್ವಾಂಸರನ್ನು ಇಂದು ನೆನೆಯೋಣ. ಅವರು ಮಹ್ಮೂದ್ ಅಲ್ ಕಾಶ್ಗರಿ.

1055ರಲ್ಲಿ ಸೆಲ್ಜೂಕ್ ತುರ್ಕರು ಬಗ್ದಾದ್ ಪ್ರವೇಶಿಸಿದರು. ಅಧಿಕಾರ ತುರ್ಕರ ಕೈಗೆ ಬಂದರೂ ವಿದ್ಯೆಯ ಭಾಷೆ ಅರಬಿಯೇ ಆಗಿತ್ತು. ಆಗ ಕಾಶ್ಗರಿಯವರು ತುರ್ಕ್ ಬುಡಕಟ್ಟುಗಳ ಮಾತನ್ನು ಅರಬರಿಗೆ ತಿಳಿಸಲು ಹೊರಟರು. ಅವರ ಊರುಗಳನ್ನೂ ಹುಲ್ಲುಗಾವಲುಗಳನ್ನೂ ಸುತ್ತಿ ಕಲಿತುದಾಗಿ ಅವರೇ ಹೇಳುತ್ತಾರೆ. 1070ರ ದಶಕದಲ್ಲಿ ಅರಬಿಯಲ್ಲಿ ಬರೆದ ‘ದೀವಾನು ಲುಗಾತಿತ್ತುರ್ಕ್’ ಎಂಬ ಆ ನಿಘಂಟನ್ನು ಅಬ್ಬಾಸಿ ಖಲೀಫ ಅಲ್ ಮುಕ್ತದಿಯವರಿಗೆ ಅರ್ಪಿಸಿದರು. ಅದರಲ್ಲಿ 7,000ಕ್ಕೂ ಹೆಚ್ಚು ಪದಗಳಿವೆ; ಗಾದೆಗಳು, ಹಾಡುಗಳು, ಒಂದು ಭೂಪಟವೂ ಇವೆ. ಒಂದೇ ಪದವನ್ನು ಯಾವ ಬುಡಕಟ್ಟು ಹೇಗೆ ಉಚ್ಚರಿಸುತ್ತದೆಂದೂ ಗುರುತಿಸಿದರು. ಬೆಚ್ಚಗಿನ ನೀರಿಗೆ ಇತರರು ‘ಯಿಲಿಗ್’ ಎಂದರೆ ಒಗುಜರು ‘ಇಲಿಗ್’ ಎನ್ನುತ್ತಾರೆ ಎಂಬಷ್ಟು ಸೂಕ್ಷ್ಮವಾಗಿ!

ಅವರ ಪ್ರಾಮಾಣಿಕತೆಯನ್ನೂ ನೋಡಿ. ತುರ್ಕ್ ಭಾಷೆ ಕಲಿಯಬೇಕೆಂಬ ಒಂದು ಹದೀಸನ್ನು ಅವರು ಇಬ್ಬರು ಇಮಾಮರಿಂದ ಕೇಳಿದ್ದರು. ಅದನ್ನು ಉಲ್ಲೇಖಿಸುವಾಗ, ಅದರ ಹೊಣೆ ಹೇಳಿದವರದ್ದು ಎಂದರು. ಅದು ನಿಜವಾದರೆ ಕಲಿಯುವುದು ಕಡ್ಡಾಯ, ನಿಜವಲ್ಲದಿದ್ದರೂ ವಿವೇಕ ಅದನ್ನೇ ಬಯಸುತ್ತದೆ ಎಂದರು. ತನ್ನ ವಾದಕ್ಕೆ ಬಲ ಕೊಡುವ ಮಾತನ್ನೂ ಖಚಿತಪಡಿಸದೆ ತನ್ನ ತಲೆಯ ಮೇಲೆ ಹೊರಲಿಲ್ಲ. ಮೊಬೈಲಿಗೆ ಬಂದುದನ್ನೆಲ್ಲ ಹದೀಸೆಂದು ಮುಂದೆ ಕಳಿಸುವ ನಮಗೆ ಇದರಲ್ಲಿ ಪಾಠವಿಲ್ಲವೇ?

ಆ ಗ್ರಂಥದ ಮೂಲಪ್ರತಿ ಇಂದಿಲ್ಲ. 1266ರಲ್ಲಿ ದಮಾಸ್ಕಸ್‌ನಲ್ಲಿ ನಕಲು ಮಾಡಿದ ಒಂದೇ ಒಂದು ಪ್ರತಿ ಉಳಿದಿದೆ. ಅದನ್ನು ಇಸ್ತಾಂಬುಲ್‌ನ ಪುಸ್ತಕಪ್ರೇಮಿ ಅಲಿ ಎಮೀರಿ ಸುಮಾರು ನೂರು ವರ್ಷಗಳ ಹಿಂದೆ ಹಳೆಯ ಪುಸ್ತಕದಂಗಡಿಯಿಂದ ಕೊಂಡು ಕಾಪಾಡಿದರು. ಬರೆದವರು, ನಕಲಿಸಿದವರು, ಕಾಪಾಡಿದವರು — ಈ ಮೂವರಲ್ಲಿ ಒಬ್ಬರು ಉದಾಸೀನ ತೋರಿದ್ದರೂ ಒಂದು ಜನಾಂಗದ ನೆನಪು ಅಳಿಯುತ್ತಿತ್ತು.

ನಮ್ಮ ಮನೆಗಳಲ್ಲಿ ಬ್ಯಾರಿ ಇದೆ, ನವಾಯತಿ ಇದೆ, ದಕ್ಖನಿ ಇದೆ, ಕನ್ನಡವಿದೆ. ಅಜ್ಜಿಯ ಮಾತಿಗೆ ಮಕ್ಕಳು ನಕ್ಕಾಗ ನಾವೂ ಜೊತೆಗೆ ನಗುತ್ತೇವೆ. ಇನ್ನು ಮುಂದೆ ಹಾಗಾಗದಿರಲಿ. ಈ ವಾರ ಹಿರಿಯರ ಬಳಿ ಕುಳಿತು ಹತ್ತು ಪದಗಳನ್ನಾದರೂ ಬರೆದಿಡೋಣ. ನೆರೆಯವರ ಭಾಷೆಯನ್ನೂ ಗೌರವಿಸೋಣ.

ಅಲ್ಲಾಹನು ನಮಗೆ ಸತ್ಯ ನುಡಿಯುವ ನಾಲಿಗೆಯನ್ನೂ ಅಮಾನತ್ತನ್ನು ಕಾಪಾಡುವ ತೌಫೀಕನ್ನೂ ಕರುಣಿಸಲಿ. ಆಮೀನ್.