ಮುಪ್ಪಿನವರ ಹೊಸ ಊರು



ಊರು ಎಂಬ ಮಾತು ಕನ್ನಡಕ್ಕೂ ತೆಲುಗಿಗೂ ಒಂದೇ. ಜಹೀರಾಬಾದಿನ ಸಂತೆಯಲ್ಲಿ ತೆಲುಗಿನವರು ‘ಏ ಊರು?’ ಎಂದು ಕೇಳಿದರೂ, ಬೀದರಿನ ಕಡೆಯವರು ‘ಯಾವೂರು?’ ಎಂದು ಕೇಳಿದರೂ ನಾವು ಕೊಡುವ ಉತ್ತರ ಒಂದೇ. 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದ್, ನಾರಾಯಣಖೇಡಗಳೂ, ಗುಲ್ಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರ ಪ್ರದೇಶಕ್ಕೆ ಸೇರಿದವು. 2014ರಿಂದ ನಾವು ತೆಲಂಗಾಣದವರು. ರಾಜ್ಯದ ಹೆಸರು ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು, ಊರು ಊರಾಗಿಯೇ ಉಳಿಯಿತು. ಈ ಮಾತನ್ನು ಮೊದಲಿಗೆ ಏಕೆ ಎತ್ತಿದೆನೆಂದರೆ, ಈಗ ಊರನ್ನೇ ಹೊಸದಾಗಿ ಕಟ್ಟಿ ಮಾರುವ ಕಾಲ ಬಂದಿದೆ. ಅದಕ್ಕೆ ‘ರಿಟೈರ್‌ಮೆಂಟ್ ವಿಲೇಜ್’ ಎಂದು ಹೆಸರು. ನಿವೃತ್ತರ ಗ್ರಾಮ ಎನ್ನೋಣ.

ಇದನ್ನು ವೃದ್ಧಾಶ್ರಮವೆಂದು ತಿಳಿಯಬೇಡಿ. ವೃದ್ಧಾಶ್ರಮಕ್ಕೆ ಹೋಗುವವರು ಸಾಮಾನ್ಯವಾಗಿ ನೋಡಿಕೊಳ್ಳುವವರಿಲ್ಲದವರು. ನಿವೃತ್ತರ ಗ್ರಾಮದಲ್ಲಿ ಅರವತ್ತರ ಆಸುಪಾಸಿನ ದಂಪತಿಗಳು ಕೈಯಲ್ಲಿದ್ದ ಗ್ರಾಚ್ಯುಟಿ, ಭವಿಷ್ಯನಿಧಿಯ ಹಣ ಸುರಿದು ಮನೆ ಕೊಳ್ಳುತ್ತಾರೆ. ಊಟಕ್ಕೆ ಸಾಮೂಹಿಕ ಅಡುಗೆಮನೆ, ಹಾಸಿಗೆಯ ಪಕ್ಕದಲ್ಲಿ ಒತ್ತುವ ಗಂಟೆ, ಕರೆದರೆ ಬರುವ ದಾದಿ, ನಡೆಯಲು ತೋಟ. ಪುಣೆ, ಕೊಯಮತ್ತೂರು, ಬೆಂಗಳೂರುಗಳಲ್ಲಿ ಇಂಥವು ಎದ್ದು ನಿಂತಿವೆ. ಹೈದರಾಬಾದಿನ ಸುತ್ತಲೂ ಬಂದಿವೆ. ಹೈದರಾಬಾದಿನಿಂದ ಪುಣೆಗೆ ಹೋಗುವ ನಮ್ಮ ಹೆದ್ದಾರಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡಿದರೆ, ಜೋಳ, ತೊಗರಿ ಇದ್ದ ಹೊಲಗಳಲ್ಲಿ ಫಾರ್ಮ್ ಪ್ಲಾಟುಗಳ ಫಲಕಗಳು ಕಾಣುತ್ತವೆ. ನಿಮ್ಮಲ್ಲಿ ಕೆಲವರು ಮನೆ ಕೊಳ್ಳುವವರಾಗಬಹುದು, ಹೆಚ್ಚಿನವರು ಹೊಲ ಮಾರುವವರೋ ಪಕ್ಕದ ಹೊಲದವರೋ ಆಗುತ್ತೀರಿ. ಆದ್ದರಿಂದ ಇದು ಪಟ್ಟಣದವರ ಸುದ್ದಿ ಎಂದು ರೇಡಿಯೋ ಆರಿಸಬೇಡಿ.

ಈ ಬಗೆಯ ಊರಿಗೆ ಹೆಸರು ತಂದುಕೊಟ್ಟದ್ದು ಅಮೆರಿಕದ ಅರಿಝೋನಾ ರಾಜ್ಯದ ಸನ್ ಸಿಟಿ. ಫೀನಿಕ್ಸ್ ನಗರದಿಂದ ಹದಿನಾಲ್ಕು ಹದಿನೈದು ಮೈಲಿ ದೂರದಲ್ಲಿ ಹತ್ತಿ ಬೆಳೆಯುತ್ತಿದ್ದ ಒಣಸೀಮೆ ಅದು. ಅಲ್ಲಿಯೇ ಪಕ್ಕದಲ್ಲಿ 1954ರಲ್ಲಿ ಯಂಗ್‌ಟೌನ್ ಎಂಬ ನಿವೃತ್ತರ ಸಣ್ಣ ಊರು ಆಗಿತ್ತು. 1959ರಲ್ಲಿ ಡೆಲ್ ವೆಬ್ ಎಂಬ ದೊಡ್ಡ ಗುತ್ತಿಗೆದಾರನ ಕಂಪನಿ ಸುಮಾರು 20,000 ಎಕರೆ ಹೊಲವನ್ನು ಎಕರೆಗೆ 750 ಡಾಲರಿನಂತೆ ಕೊಂಡಿತು. ನಗರದ ಹತ್ತಿರದ ನೆಲಕ್ಕೆ ಹೋಲಿಸಿದರೆ ಬಹಳ ಅಗ್ಗ. 1960ರ ಜನವರಿ 1ರಂದು ಬಾಗಿಲು ತೆರೆದರು. ಹತ್ತು ಸಾವಿರ ಜನ ಬಂದಾರೆಂದು ಎಣಿಸಿದ್ದಲ್ಲಿ ಆ ವಾರಾಂತ್ಯದಲ್ಲಿ ಒಂದು ಲಕ್ಷ ಜನ ಬಂದರು.

ಇಷ್ಟು ಜನ ಬರಲು ಒಂದು ಕಾರಣವಿತ್ತು. ಸಾಮಾನ್ಯವಾಗಿ ಕಟ್ಟುವವರು ಮೊದಲು ಮನೆ ಮಾರಿ, ಆಮೇಲೆ ಉದ್ಯಾನ, ಕ್ಲಬ್ಬು ಕೊಡುತ್ತೇವೆ ಎನ್ನುತ್ತಾರೆ. ವೆಬ್ ಅದನ್ನು ತಿರುಗುಮುರುಗು ಮಾಡಿದ. ಅಂಗಡಿ ಸಾಲು, ಆಟದ ಬಯಲು, ಕೂಡಿ ಕೂರುವ ಮನೆ ಇವನ್ನು ಮೊದಲು ಕಟ್ಟಿಸಿ, ಐದು ಮಾದರಿ ಮನೆಗಳನ್ನು ನಿಲ್ಲಿಸಿ, ಆಮೇಲೆ ಬನ್ನಿ ಎಂದ. ಬಂದವರು ಚಿತ್ರ ನೋಡಿ ಹಣ ಕೊಡಲಿಲ್ಲ, ಕಣ್ಣಾರೆ ಕಂಡು ಕೊಟ್ಟರು. ಇದು ಮೆಚ್ಚತಕ್ಕ ವ್ಯವಹಾರ. ಆದರೆ ಆಸ್ಪತ್ರೆ ಬಂದದ್ದು ಯಾವಾಗ ಗೊತ್ತೇ? 1970ರಲ್ಲಿ, ಹತ್ತು ವರ್ಷದ ಮೇಲೆ. ಬಂದಾಗ ಗಟ್ಟಿಮುಟ್ಟಾಗಿದ್ದವರಿಗೆ ಚೆಂಡಾಟ ಬೇಕಿತ್ತು. ಮುಪ್ಪಿನವರ ಊರಿಗೂ ಮುಪ್ಪು ಬರುತ್ತದೆಂಬುದು ನಕ್ಷೆಯಲ್ಲಿ ಸುಲಭವಾಗಿ ಕಾಣುವುದಿಲ್ಲ.

ಆ ಊರಿನ ದಕ್ಷಿಣಕ್ಕೆ ದನಗಳನ್ನು ಕೊಬ್ಬಿಸುವ ಒಂದು ದೊಡ್ಡಿ ಇತ್ತು. ಸನ್ ಸಿಟಿಗಿಂತ ಮೊದಲೇ, 1956ರಲ್ಲೇ ಶುರುವಾದದ್ದು. ಅದನ್ನು ಸ್ಪರ್ ಎಂಬ ಕಂಪನಿ 1960ರಲ್ಲಿ ಕೊಂಡು ಹಿಗ್ಗಿಸಿತು. ಆರಂಭದಲ್ಲಿ ಇಬ್ಬರ ನಡುವೆ ಎರಡು ಮೈಲಿಗೂ ಮಿಕ್ಕಿ ಅಂತರ. ಇತ್ತ ಮನೆಗಳು ದಕ್ಷಿಣಕ್ಕೆ ಬೆಳೆದವು, ಅತ್ತ ದೊಡ್ಡಿ ಉತ್ತರಕ್ಕೆ ಬೆಳೆಯಿತು. 1967ರ ಹೊತ್ತಿಗೆ ನಡುವೆ ಉಳಿದದ್ದು 500 ಅಡಿ! ದೊಡ್ಡಿಯಲ್ಲಿ ಇಪ್ಪತ್ತರಿಂದ ಮೂವತ್ತು ಸಾವಿರ ದನ, ದಿನಕ್ಕೆ ಹತ್ತು ಲಕ್ಷ ಪೌಂಡಿಗೂ ಮಿಕ್ಕ ಸಗಣಿ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 450 ಟನ್ನು. ನೊಣ, ನಾತ. ಹೊರಗೆ ಬಿಸಿಲು ಕಾಯಿಸಿಕೊಂಡು ಕೂರಬಹುದೆಂದು ಬಂದ ಮುದುಕರು ಬಾಗಿಲು ಹಾಕಿಕೊಂಡು ಕೂರಬೇಕಾಯಿತು. ವೆಬ್ ಕಂಪನಿ ಕೋರ್ಟಿಗೆ ಹೋಯಿತು.

1972ರಲ್ಲಿ ಅರಿಝೋನಾದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು ಇಂದಿಗೂ ಕಾನೂನು ಓದುವವರಿಗೆ ಪಾಠವಾಗಿದೆ. ದೊಡ್ಡಿ ಹೋಗಬೇಕು, ಏಕೆಂದರೆ ಸಾವಿರಾರು ಜನರ ಆರೋಗ್ಯದ ಪ್ರಶ್ನೆ. ಆದರೆ ದೊಡ್ಡಿಯವನ ತಪ್ಪೇನೂ ಇಲ್ಲ. ನೀನೇ ಅಗ್ಗದ ನೆಲ ಹುಡುಕಿಕೊಂಡು ರೈತರ ನಡುವೆ ಬಂದವನು, ಆದ್ದರಿಂದ ಅವನು ಬೇರೆಡೆಗೆ ಹೋಗುವ ಖರ್ಚನ್ನು ನೀನೇ ಭರಿಸು ಎಂದು ವೆಬ್ ಕಂಪನಿಗೆ ಹೇಳಿದರು. ನಮ್ಮ ಪಂಚರು ಕೂತು ಹೇಳಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳುತ್ತಿರಲಿಲ್ಲವೆಂದು ನನ್ನ ಅನಿಸಿಕೆ.

ಇನ್ನೊಂದು ಸಂಗತಿಯಿದೆ. ಮಕ್ಕಳಿರುವ ಕುಟುಂಬಗಳಿಗೆ ಸನ್ ಸಿಟಿಯಲ್ಲಿ ಮನೆ ಇರಲಿಲ್ಲ. ಅಲ್ಲಿಯ ಪದ್ಧತಿಯಂತೆ ಶಾಲೆ ಕಟ್ಟಲು ಸಾಲ ಎತ್ತಬೇಕಾದರೆ ಆ ಶಾಲಾ ವಲಯದ ಮತದಾರರು ಒಪ್ಪಬೇಕು. ಪಕ್ಕದ ಪಿಯೋರಿಯಾದ ಶಾಲೆಗಳಿಗೆ ಕೊಠಡಿ ಬೇಕೆಂದಾಗ, ನಮ್ಮ ಮಕ್ಕಳು ಓದಿ ಮುಗಿಸಿದ್ದಾರೆ ಎಂದು ಈ ಹಿರಿಯರು ಮತ್ತೆ ಮತ್ತೆ ಬೇಡವೆಂದು ಮತ ಹಾಕಿದರು. ಕೊನೆಗೆ 1970ರ ದಶಕದಲ್ಲಿ ಸನ್ ಸಿಟಿಯನ್ನೇ ಆ ಶಾಲಾ ವಲಯದಿಂದ ಹೊರಗಿಟ್ಟರು. ಮಕ್ಕಳ ಗಲಾಟೆ ಕೇಳದ ಮನೆಯಲ್ಲಿ ನಿದ್ರೆ ಚೆನ್ನಾಗಿ ಬರಬಹುದು. ಅದನ್ನು ಊರೆಂದು ಕರೆಯಲು ನನಗಂತೂ ನಾಲಿಗೆ ಏಳುವುದಿಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನನ್ನೊಡನೆ ಒಂದೇ ಕೌಂಟರಿನಲ್ಲಿ ಕೂತು ಕೆಲಸ ಮಾಡಿದ ಸ್ನೇಹಿತರೊಬ್ಬರು ಇಂಥದೊಂದು ಗ್ರಾಮದಲ್ಲಿ ಮನೆಗೆ ಮುಂಗಡ ಕೊಟ್ಟಿದ್ದಾರೆ. ಕಂಪನಿಯ ಹೆಸರು ಬೇಡ, ಸ್ಥಳವೂ ಬೇಡ. ಕಟ್ಟಡ ನೋಡಲು ಮೂರು ಸಲ ಅವರ ಜೊತೆ ಹೋಗಿದ್ದೆ. ಮೊದಲ ಸಲ ಕರಿ ಭೂಮಿಯ ಮೇಲೆ ಸುಣ್ಣದ ಗೆರೆಗಳು, ಗೂಟಕ್ಕೆ ಕಟ್ಟಿದ ಹುರಿ. ‘ಇದು ನಮ್ಮ ಪಡಸಾಲೆ’ ಎಂದು ಸ್ನೇಹಿತರು ಎರಡು ಗೂಟಗಳ ನಡುವೆ ನಿಂತು ತೋರಿಸಿದರು. ಎರಡನೆಯ ಸಲ ಹೋದಾಗ ಹೆಬ್ಬಾಗಿಲ ಕಮಾನು ಬಣ್ಣ ಬಳಿದು ಸಿದ್ಧವಾಗಿತ್ತು. ಕೊಳವೆಬಾವಿ ಮಾತ್ರ ಆಗಿರಲಿಲ್ಲ, ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಮೂರನೆಯ ಸಲ ಗೋಡೆಗಳು ಲಿಂಟಲ್ ಮಟ್ಟಕ್ಕೆ ಬಂದಿದ್ದವು. ಸುತ್ತಲೂ ಎತ್ತರದ ಕಾಂಪೌಂಡು ಎದ್ದಿತ್ತು.

ಆ ಹೊತ್ತಿಗೆ ಅಲ್ಲಿ ನಿಜವಾಗಿ ವಾಸವಾಗಿದ್ದವರು ಯಾರು? ಕೂಲಿಯವರು. ತಗಡಿನ ಶೆಡ್ಡುಗಳಲ್ಲಿ ದೂರದ ರಾಜ್ಯಗಳಿಂದ ಬಂದ ಸಂಸಾರಗಳು, ಮರಳ ರಾಶಿಯ ಮೇಲೆ ಆಡುವ ಮಕ್ಕಳು, ಸಂಜೆ ರೊಟ್ಟಿ ಸುಡುವ ಹೊಗೆ. ಪಕ್ಕದ ಹಳ್ಳಿಯ ಹೆಣ್ಣುಮಕ್ಕಳು ಗೋಡೆಗೆ ನೀರು ಹೊಡೆಯುವ ಕೆಲಸಕ್ಕೆ ಬಂದಿದ್ದರು. ಕನ್ನಡ, ತೆಲುಗು, ಹಿಂದಿ ಕೂಡಿ ಒಂದೇ ಸದ್ದು. ನನಗೆ ಆ ಶೆಡ್ಡುಗಳೇ ಊರಿನಂತೆ ಕಂಡವು. ಕಟ್ಟಡ ಮುಗಿದ ದಿನ ಅವರೆಲ್ಲ ಹೋಗುತ್ತಾರೆ, ಆಮೇಲೆ ಮುದುಕರು ಬರುತ್ತಾರೆ. ಕಾಂಪೌಂಡಿನ ಹೊರಗೆ ಕುರಿ ಕಾಯುವವರೊಬ್ಬರು ಗೋಡೆಯನ್ನು ಸುತ್ತಿಕೊಂಡು ಹೋಗುತ್ತಿದ್ದರು. ಕೇಳಿದರೆ, ಕೆರೆಗೆ ಹೋಗುವ ಹಾದಿ ಇದರೊಳಗೇ ಇತ್ತಂತೆ.

ಒಳಗೆ ಹಾಕಲು ತಂದಿಟ್ಟಿದ್ದ ಟೈಲುಗಳು ಕನ್ನಡಿಯಂತೆ ಹೊಳೆಯುತ್ತಿದ್ದವು. ಮುಪ್ಪಿನಲ್ಲಿ ಸೊಂಟದ ಎಲುಬು ಮುರಿಯುವುದು ಹೆಚ್ಚಾಗಿ ಬಿದ್ದಾಗಲೇ. ನಮ್ಮ ತಾಂಡೂರಿನ ಫರಸಿಯನ್ನು ಪಾಲಿಶ್ ಮಾಡದೆ ಒರಟಾಗಿಯೇ ಹಾಸಿದರೆ ಒದ್ದೆ ಕಾಲು ಹಿಡಿದು ನಿಲ್ಲುತ್ತದೆ, ದುಡ್ಡೂ ಕಡಿಮೆ. ಇದನ್ನು ಹೇಳಿದ್ದಕ್ಕೆ ಅಲ್ಲಿಯ ಇಂಜಿನಿಯರ್ ಹುಡುಗ ನಕ್ಕ. ಅವನ ವಯಸ್ಸಿಗೆ ನಗು ಸಹಜ.

ಈಗ ಲೆಕ್ಕದ ಮಾತು. ಮನೆಯ ಬೆಲೆಯನ್ನು ಎಲ್ಲರೂ ಕೇಳುತ್ತಾರೆ, ತಿಂಗಳ ಸೇವಾ ಶುಲ್ಕವನ್ನು ಯಾರೂ ಗಟ್ಟಿಯಾಗಿ ಕೇಳುವುದಿಲ್ಲ. ಉದಾಹರಣೆಗೆ ತಿಂಗಳಿಗೆ 20,000 ರೂಪಾಯಿ ಶುಲ್ಕ, ವರ್ಷಕ್ಕೆ ನೂರಕ್ಕೆ ಎಂಟರಂತೆ ಏರಿಕೆ ಎಂದಿಟ್ಟುಕೊಳ್ಳಿ. ಒಂಬತ್ತು ವರ್ಷಕ್ಕೆ ಅದು 40,000 ಆಗುತ್ತದೆ. ಅರವತ್ತೆರಡಕ್ಕೆ ಹೋದವರಿಗೆ ಎಪ್ಪತ್ತೊಂದರಲ್ಲಿ ಎರಡರಷ್ಟು! ಇನ್ನೊಂದನ್ನು ಗಂಡಸರು ಮರೆಯುತ್ತಾರೆ. ಬ್ಯಾಂಕಿನ ಪಿಂಚಣಿ ಪೂರ್ಣ ಸೇವೆಯವರಿಗೆ ಸಂಬಳದ ಅರ್ಧದಷ್ಟು. ನಾವು ಕಣ್ಣುಮುಚ್ಚಿದ ಮೇಲೆ ಹೆಂಡತಿಗೆ ಬರುವ ಕುಟುಂಬ ಪಿಂಚಣಿ 2021ರ ಏರಿಕೆಯ ನಂತರವೂ ಕೊನೆಯ ಸಂಬಳದ ನೂರಕ್ಕೆ ಮೂವತ್ತು. ಅದಕ್ಕೂ ಮೊದಲು ಎಷ್ಟೋ ಜನಕ್ಕೆ ಇನ್ನೂ ಕಡಿಮೆ ಇತ್ತು. ಗಂಡ ಹೋದರೂ ಸೇವಾ ಶುಲ್ಕ ಅರ್ಧವಾಗುವುದಿಲ್ಲ. ಆದ್ದರಿಂದ ಲೆಕ್ಕ ಹಾಕುವಾಗ ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವರೊಬ್ಬರೇ ಉಳಿದರೆ ಎಂಬಲ್ಲಿಂದ ಶುರುಮಾಡಿ. ಅಪಶಕುನವೆಂದು ಗದರುತ್ತಾರೆ, ಗದರಲಿ.

ಕಾನೂನಿನ ಬಲ ಮೊದಲಿಗಿಂತ ಹೆಚ್ಚಿದೆ. 2016ರ ರೇರಾ ಕಾಯಿದೆಯಂತೆ, ಸಣ್ಣಪುಟ್ಟ ಕಟ್ಟಡ ಬಿಟ್ಟು ಇಂಥ ಯೋಜನೆಗಳು ನೋಂದಣಿಯಾಗದೆ ಜಾಹೀರಾತು ಕೂಡ ಕೊಡುವಂತಿಲ್ಲ. ನೋಂದಾಯಿತ ಕರಾರುಪತ್ರ ಆಗುವ ಮೊದಲು ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ನೂರಕ್ಕೆ ಎಪ್ಪತ್ತನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಕೆಲಸ ಆದಂತೆ ಮಾತ್ರ ತೆಗೆಯಬೇಕು. ಮೂರು ತಿಂಗಳಿಗೊಮ್ಮೆ ಪ್ರಗತಿಯನ್ನು ಪ್ರಕಟಿಸಬೇಕು. ತಡವಾದರೆ ಬಡ್ಡಿ ಕೇಳಬಹುದು. ನಿವೃತ್ತರ ಮನೆಗಳಿಗೆಂದೇ ಕೇಂದ್ರ ಸರ್ಕಾರ 2019ರಲ್ಲಿ ಮಾದರಿ ಸೂಚನೆಗಳನ್ನು ಹೊರಡಿಸಿತು. ಕಟ್ಟುವವರು, ಸೇವೆ ಕೊಡುವವರು, ಕೊಳ್ಳುವವರು ಮೂವರೂ ಸಹಿ ಹಾಕುವ ಕರಾರು ಇರಬೇಕೆಂದು ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ. ಆದರೂ ಆ ಕರಾರನ್ನು ಬಾಯಿಬಿಟ್ಟು ಕೇಳಿ. ಅನ್ನ ಹಾಕುವ, ಔಷಧಿ ಕೊಡುವ ಹೊಣೆ ಯಾರದು, ಎಷ್ಟು ವರ್ಷ ಎಂಬುದು ಬಣ್ಣದ ಪುಸ್ತಿಕೆಯಲ್ಲಿ ಸಿಗುವುದಿಲ್ಲ.

ಅಲ್ಲಿ ಹೋಗಿ ಯಾರೊಡನೆ ಮಾತಾಡುತ್ತೀರಿ? ಇದನ್ನು ಸುಮ್ಮನೆ ಕೇಳುತ್ತಿಲ್ಲ. ಹೈದರಾಬಾದಿನ ನಿಜಾಮ್ಸ್ ಆಸ್ಪತ್ರೆಯಲ್ಲಿ ಡಾಕ್ಟರ್ ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಮರೆಗುಳಿ ರೋಗದ 648 ಜನರನ್ನು ಪರಿಶೀಲಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದೇ ಭಾಷೆಯವರಿಗಿಂತ ಎರಡು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದುಬರಹ ಬಾರದವರಲ್ಲಿಯೂ ಈ ವ್ಯತ್ಯಾಸ ಇತ್ತೆಂಬುದು ವಿಶೇಷ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಸಂತೆಯಲ್ಲಿ ದಖನಿ ಆಡುವ ನಮಗೆ ಇದು ಕಾಸು ಕೊಡದೆ ಬಂದ ಆಸ್ತಿ. ಆಡಲು ಜನ ಬೇಕಲ್ಲ?

ಆಡಲು ಜನ, ಮಾಡಲು ಕೆಲಸ. ಜಹೀರಾಬಾದಿನ ಬಳಿಯ ಪಸ್ತಾಪುರದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳನ್ನು ನೀವು ಬಲ್ಲಿರಿ. ಅಲ್ಲಿ ನವಣೆ, ಸಾಮೆ, ಜೋಳದ ಬೀಜ ಆರಿಸಿ, ಬೂದಿ ಬೇವು ಬೆರೆಸಿ, ಬುಟ್ಟಿಗೆ ಮಣ್ಣು ಮೆತ್ತಿ ಕಾಪಾಡುವ ವಿದ್ಯೆ ವಯಸ್ಸಾದ ಹೆಂಗಸರ ಕೈಯಲ್ಲಿದೆ. ಬೇರೆಯವರು ಬೀಜ ಒಯ್ದರೆ ಬೆಳೆದ ಮೇಲೆ ಹೆಚ್ಚಾಗಿ ಹಿಂದಿರುಗಿಸುತ್ತಾರೆ. ನಾನು ಕಂಡ ಬ್ಯಾಂಕುಗಳಲ್ಲಿ ಅರವತ್ತಾದವರನ್ನು ಮನೆಗೆ ಕಳಿಸದ ಬ್ಯಾಂಕು ಅದೊಂದೇ! ನಿವೃತ್ತರ ಗ್ರಾಮದ ನಕ್ಷೆಯಲ್ಲಿ ಈಜುಕೊಳವಿದೆ, ಧ್ಯಾನಮಂದಿರವಿದೆ. ಹಳ್ಳಿಯ ಶಾಲೆಯ ಮಕ್ಕಳಿಗೆ ಲೆಕ್ಕ ಹೇಳಿಕೊಡಲು ಹೋಗುವ ಒಂದು ಸಣ್ಣ ಗೇಟು ಹಳ್ಳಿಯ ಕಡೆಗೆ ಇಲ್ಲ. ಸ್ನೇಹಿತರು ಆ ಗೇಟಿಗಾಗಿ ಬರೆದುಕೊಟ್ಟಿದ್ದಾರೆ, ಉಳಿದ ಕೆಲವರ ಸಹಿಯನ್ನೂ ಹಾಕಿಸಿದ್ದಾರೆ. ಭದ್ರತೆಗೆ ತೊಂದರೆ ಎಂದು ಉತ್ತರ ಬಂದಿದೆ. ಕಾಂಪೌಂಡು ಇನ್ನೂ ಗಿಲಾವು ಆಗಿಲ್ಲ, ಆದ್ದರಿಂದ ಅವರು ಬಿಟ್ಟಿಲ್ಲ.

ಹೊಲ ಮಾರುವವರಿಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಬೆಲೆ ಕುದುರಿಸುವುದು ನಿಮಗೆ ನಾನು ಕಲಿಸಬೇಕಾದದ್ದಿಲ್ಲ. ಆದರೆ ಸಹಿ ಹಾಕುವ ಮೊದಲು ಗ್ರಾಮದ ನಕಾಶೆ ತರಿಸಿ, ಬಂಡಿಹಾದಿ, ಕೆರೆಗೆ ಹೋಗುವ ದಾರಿ, ಮಳೆನೀರು ಹರಿಯುವ ಕಾಲುವೆ ಎಲ್ಲಿವೆ ನೋಡಿ. ಆ ಹಾದಿ ನಿಮ್ಮ ಹೊಲದೊಳಗೇ ಇದ್ದರೆ, ಅದು ತೆರೆದೇ ಇರಬೇಕೆಂದು ದಸ್ತಾವೇಜಿನಲ್ಲಿ ಅಗಲ ಸಮೇತ ಬರೆಸಿ. ಬಾಯಿಮಾತಿನ ‘ಬಿಡ್ತೀವಿ ಬಿಡ್ರಿ’ ಕಾಂಪೌಂಡು ಏಳುವವರೆಗೆ ಮಾತ್ರ. ಕೊಟ್ಟಿಗೆ, ತಿಪ್ಪೆ ಮೊದಲಿನಿಂದ ಇದ್ದರೆ ಪಂಚಾಯತಿಯ ದಾಖಲೆಯಲ್ಲಿ ಇರುವಂತೆ ಈಗಲೇ ನೋಡಿಕೊಳ್ಳಿ. ನಾಳೆ ನಾತವೆಂದು ದೂರು ಬಂದಾಗ ಯಾರು ಮೊದಲು ಬಂದವರೆಂದು ತೋರಿಸಲು ಕಾಗದ ಬೇಕಾಗುತ್ತದೆ.