ಶಾಸ್ತ್ರದಾನ ಮತ್ತು ಸಂಜೆಯ ಒಂದು ಗಂಟೆ

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಸಭೆಯಲ್ಲಿ ಮಾಡಿದ ಭಾಷಣ)

 

ನಾನು ಮೆಟ್ರಿಕ್ ಮುಗಿಸಿ, ತಂದೆಯವರ ದಿನಸಿ ಅಂಗಡಿಯಲ್ಲಿ ತಕ್ಕಡಿ ಹಿಡಿದವನು. ವಿದ್ವಾಂಸರು ಕುಳಿತಿರುವ ಈ ವೇದಿಕೆಯಲ್ಲಿ ಶಿಕ್ಷಣದ ವಿಷಯವಾಗಿ ಮಾತನಾಡಲು ನನಗೆ ಅಧಿಕಾರವಿಲ್ಲವೆಂಬುದನ್ನು ಬಲ್ಲೆ. ಸಮಿತಿಯವರ ಆಜ್ಞೆಯನ್ನು ಮೀರಲಾರದೆ, ಅಂಗಡಿಯಲ್ಲಿ ಕಂಡುದನ್ನೇ ತಮ್ಮ ಮುಂದೆ ನಿವೇದಿಸುತ್ತೇನೆ.

ಆಹಾರ, ಔಷಧ, ಅಭಯ, ಶಾಸ್ತ್ರ ಎಂದು ನಮ್ಮಲ್ಲಿ ದಾನಗಳು ನಾಲ್ಕು. ಶಾಸ್ತ್ರದಾನವೆಂದೊಡನೆ ದಾನಚಿಂತಾಮಣಿ ಅತ್ತಿಮಬ್ಬೆಯ ನೆನಪಾಗುತ್ತದೆ. ಹತ್ತನೆಯ ಶತಮಾನದಲ್ಲಿ ಆ ಮಹಾತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಅಂದು ಗ್ರಂಥವೇ ದುರ್ಲಭವಾಗಿತ್ತು. ಇಂದು ಅಂಗೈಯಗಲದ ಮೊಬೈಲಿನಲ್ಲಿ ಲೆಕ್ಕವಿಲ್ಲದಷ್ಟು ಗ್ರಂಥಗಳಿವೆ. ಕೇಳಿದ ಪ್ರಶ್ನೆಗೆ ಯಂತ್ರವೇ ಉತ್ತರ ಬರೆದುಕೊಡುತ್ತದೆ. ಹಾಗಾದರೆ ನಮ್ಮ ಮಕ್ಕಳಿಗೆ ಇಂದು ದುರ್ಲಭವಾದುದು ಯಾವುದು? ಇದಕ್ಕೆ ಉತ್ತರ ನನಗೆ ದೊರೆತದ್ದು ಒಬ್ಬ ಹುಡುಗನಿಂದ.

2020ರಲ್ಲಿ ಕೋವಿಡ್ ವ್ಯಾಧಿಯ ಕಾರಣ ಶಾಲೆಗಳು ಮುಚ್ಚಿದವು. ಪಾಠಗಳು ಮೊಬೈಲಿಗೆ ಬರತೊಡಗಿದವು. ನಮ್ಮ ಅಂಗಡಿಯ ಹಮಾಲಿಯ ಮಗ ಆಗ ಐದನೆಯ ತರಗತಿಯಲ್ಲಿದ್ದನು. ಅವನ ಮನೆಯಲ್ಲಿ ಅಂತಹ ಮೊಬೈಲ್ ಇಲ್ಲದ ಕಾರಣ ಸಂಜೆ ನನ್ನದನ್ನು ಕೊಡುತ್ತಿದ್ದೆ. ಹುಡುಗನು ಅಕ್ಕಿ ಮೂಟೆಗೆ ಒರಗಿ ಕುಳಿತು ಪಾಠವನ್ನೆಲ್ಲ ಮುತ್ತಿನಂತಹ ಅಕ್ಷರಗಳಲ್ಲಿ ಬರೆದುಕೊಳ್ಳುವನು. ನಾನು ಪುಣ್ಯದ ಕೆಲಸ ಮಾಡಿದೆನೆಂದು ಸಂತೋಷಪಟ್ಟಿದ್ದೆ. ಒಂದು ದಿನ, "ಇಷ್ಟು ಚೆನ್ನಾಗಿ ಬರೆದಿದ್ದೀಯಲ್ಲ ಮಗಾ, ಒಂದು ಸಾಲು ಓದು ನೋಡೋಣ" ಎಂದೆ. ಅವನು ತಲೆ ತಗ್ಗಿಸಿ, "ಸಾಹುಕಾರ್ರೆ, ನೋಡಿ ಬರೆಯೋಕೆ ಬರುತ್ತೆ, ಓದೋಕೆ ಬರಲ್ಲ" ಎಂದನು.

ಅಂದಿನಿಂದ ನನ್ನ ಮನೆಯವರು ದಿನವೂ ಸಂಜೆ ಅವನನ್ನು ಕೂರಿಸಿಕೊಂಡು ಮೂಟೆಗಳ ಮೇಲಿನ ಹೆಸರು, ಪೊಟ್ಟಣದ ಮೇಲಿನ ಬೆಲೆಗಳಿಂದಲೇ ಓದು ಕಲಿಸಿದರು. ತಕ್ಕಡಿಯ ಮುಂದೆ ಕಾಲು, ಅರೆ, ಮುಕ್ಕಾಲು ಕಲಿತನು. ನಾಲ್ಕು ತಿಂಗಳಲ್ಲಿ ಪತ್ರಿಕೆ ಓದುವಂತಾದನು. ಆದರೆ ಮಹನೀಯರೆ, ಅವನಿಗೊಬ್ಬ ಅಕ್ಕನಿದ್ದಳು. ಎಂಟನೆಯ ತರಗತಿಯ ಹುಡುಗಿ, ಓದು ಬಂದೇ ಇರುತ್ತದೆಂದು ಭಾವಿಸಿ ನಾವು ಆಕೆಯನ್ನು ಕೇಳಲೇ ಇಲ್ಲ. ಆಕೆಗೂ ಸರಿಯಾಗಿ ಓದು ಬಾರದೆಂದು ನಮಗೆ ತಿಳಿದದ್ದು ಆಕೆ ಶಾಲೆ ಬಿಟ್ಟ ಮೇಲೆ. ಆ ಕೊರಗು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಇದು ಒಂದು ಮನೆಯ ಕಥೆಯಲ್ಲ. ದೇಶದ ಹಳ್ಳಿಗಳಲ್ಲಿ ಮಕ್ಕಳ ಓದನ್ನು ಪರೀಕ್ಷಿಸುವ 'ಅಸರ್' ವರದಿಯ ಪ್ರಕಾರ, ಐದನೆಯ ತರಗತಿಯ ಮಕ್ಕಳಲ್ಲಿ ಎರಡನೆಯ ತರಗತಿಯ ಪಾಠ ಓದಬಲ್ಲವರು 2018ರಲ್ಲಿ ನೂರಕ್ಕೆ ಸುಮಾರು 50. 2022ರಲ್ಲಿ ಸುಮಾರು 43. ಅದೇ ವರದಿ 2024ರಲ್ಲಿ, 14ರಿಂದ 16 ವರ್ಷದ ಮಕ್ಕಳಲ್ಲಿ ನೂರಕ್ಕೆ 82 ಮಂದಿ ಸ್ಮಾರ್ಟ್‌ಫೋನ್ ಬಳಸಬಲ್ಲರೆಂದೂ, ಅವರಲ್ಲಿ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು 76 ಎಂದೂ ತಿಳಿಸಿತು. ಮೊಬೈಲಿನ ಕೊರತೆ ಬಹುಮಟ್ಟಿಗೆ ನೀಗಿದೆ. ಪಕ್ಕದಲ್ಲಿ ಕುಳಿತು "ಓದು ನೋಡೋಣ" ಎನ್ನುವ ಹಿರಿಯರ ಕೊರತೆ ನೀಗಿಲ್ಲ. ಇಂದು ದುರ್ಲಭವಾದುದು ಅದೇ.

ಈ ಕೆಲಸಕ್ಕೆ ದಾರಿ ತೋರಿದವರಿದ್ದಾರೆ. ಮುಂಬಯಿಯಲ್ಲಿ ಆರಂಭವಾದ ಪ್ರಥಮ್ ಸಂಸ್ಥೆಯವರ ಕ್ರಮ ಸರಳವಾದುದು. ಮಗು ಯಾವ ತರಗತಿಯಲ್ಲಿದೆಯೆಂದು ಅವರು ನೋಡುವುದಿಲ್ಲ. ಅಕ್ಷರ, ಪದ, ಪುಟ್ಟ ಪರಿಚ್ಛೇದ, ಕಥೆ, ಇವುಗಳಲ್ಲಿ ಎಲ್ಲಿಯವರೆಗೆ ಓದಬಲ್ಲದೆಂದು ನೋಡಿ, ಅದರಂತೆ ಗುಂಪು ಮಾಡಿ ಅಲ್ಲಿಂದ ಮುಂದಕ್ಕೆ ಕಲಿಸುತ್ತಾರೆ. ಪುಸ್ತಕಗಳಿಗೂ ಪರದಾಡಬೇಕಾಗಿಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದನ್ವಯ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು.

ಆದುದರಿಂದ ನನ್ನದೊಂದು ವಿಜ್ಞಾಪನೆ. ಬಸದಿಯ ಪಕ್ಕದ ಸಭಾಭವನವನ್ನು ದಿನವೂ ಸಂಜೆ ಒಂದು ಗಂಟೆ ಊರಿನ ಮಕ್ಕಳಿಗಾಗಿ ತೆರೆದಿಡೋಣ. ಜಾತಿ ಮತ ಕೇಳುವುದು ಬೇಡ. ಮೊದಲು ಪ್ರತಿಯೊಂದು ಮಗುವಿನ ಓದನ್ನೂ ಕೇಳೋಣ. ದೊಡ್ಡ ತರಗತಿಯವರನ್ನೂ ಬಿಡದೆ ಕೇಳೋಣ. ಮೊಬೈಲನ್ನು ದೂರವಿಡುವುದೂ ಬೇಡ. ವ್ಯಾಪಾರಿಯು ತೂಕ ನೋಡದೆ ಸರಕನ್ನು ಒಳಗೆ ಇಳಿಸಿಕೊಳ್ಳುವುದಿಲ್ಲ. ಹಾಗೆಯೇ ಕಂಡ ಸುದ್ದಿಯನ್ನು ಹೇಳಿದವರು ಯಾರು, ಅವರಿಗೆ ಅದು ಹೇಗೆ ತಿಳಿಯಿತು, ಬೇರೆ ಪುಸ್ತಕದಲ್ಲಿ ಏನಿದೆ ಎಂದು ಕೇಳುವುದನ್ನು ಮಕ್ಕಳಿಗೆ ಕಲಿಸೋಣ.

ಸೂರ್ಯಾಸ್ತಕ್ಕೆ ಮುಂಚೆ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಸಂಜೆಯ ಒಂದು ಗಂಟೆ ಬಿಡುವಾಗುವುದು ಕಷ್ಟವಲ್ಲ. ನಿವೃತ್ತ ಉಪಾಧ್ಯಾಯರಿದ್ದಾರೆ, ಕಾಲೇಜಿಗೆ ಹೋಗುವ ಮಕ್ಕಳಿದ್ದಾರೆ, ಓದು ಬಲ್ಲ ತಾಯಂದಿರಿದ್ದಾರೆ. ವಾರದಲ್ಲಿ ಒಬ್ಬೊಬ್ಬರಿಗೆ ಒಂದು ದಿನ ಬಂದರೆ ಸಾಕು. ಸೋಮವಾರ ಮತ್ತು ಗುರುವಾರ ನಾನು ಅಂಗಡಿಯನ್ನು ಮಗನಿಗೆ ಬಿಟ್ಟು ಬರುತ್ತೇನೆ, ತಕ್ಕಡಿಯನ್ನೂ ತರುತ್ತೇನೆ.

ಕಲ್ಲಿನ ಬಸದಿ ಇಂದು ಪೂರ್ಣವಾಯಿತು. ಅದರ ಪಕ್ಕದ ಭವನದಲ್ಲಿ ನಾಳೆಯಿಂದ ಒಂದು ದೀಪ ಉರಿಯಲಿ. ಮಗುವಿನ ಪಕ್ಕದಲ್ಲಿ ಕೂರುವ ಒಂದು ಗಂಟೆಯೂ ಶಾಸ್ತ್ರದಾನವೇ ಎಂದು ನಂಬಿ, ನನ್ನ ಮಾತುಗಳನ್ನು ಮುಗಿಸುತ್ತೇನೆ.

ಜೈ ಜಿನೇಂದ್ರ.